ಸೈಟ್ ಬದಲಾಗಿದೆ ನಿಜ, ಬೆಲ್ಲದ ಬೆಲೆ ಏರಿದ್ದು ಅದಕ್ಕಲ್ಲ

ಮಾನ್ಯ ಗ್ರಾಹಕರೇ,

ನಮಸ್ಕಾರ. ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ಅನುಕೂಲವಾಗಲೆಂದು ಸಂಘದ ವೆಬ್‌ಸೈಟ್ ಬದಲಿಸಿದ್ದೇವೆ. ಅದನ್ನು ತೆರೆದ ಕೂಡಲೇ ಕೇಳುತ್ತಿದ್ದ ನಾದಸ್ವರ ಈಗಿಲ್ಲ. ಮಿಣಮಿಣ ಅನ್ನುತ್ತಿದ್ದ ರೇಟಿನ ಪೋಸ್ಟರ್ ಹೋಗಿ, ಅದೇ ದರ ಬರೀ ಅಕ್ಷರದಲ್ಲಿದೆ. ಆಲೆಮನೆಯ ಹೊಸ ವಿಡಿಯೋದಲ್ಲಿ ಆಡಿದ ಮಾತೆಲ್ಲ ಕೆಳಗಡೆ ಕನ್ನಡದಲ್ಲಿ ಓದಲು ಸಿಗುತ್ತದೆ. ಹೊಸ ಮಾಲಿನ ಫೋಟೋ ಒಂದೆರಡು ದಿನ ತಡವಾಗುತ್ತಿದೆ, ಕ್ಷಮೆ ಇರಲಿ. ವಿವರಣೆ ಬರೆಯದೆ ಯಾವ ಫೋಟೋನೂ ಹಾಕಬಾರದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ.

ಫೋನ್ ಎತ್ತಿದರೆ ಒಂದೇ ಮಾತು: "ಕಣ್ಣು ಕಾಣದವರಿಗೆ ಅಂತ ಸೈಟ್ ಮಾಡಿಸಿ, ಅದರ ಖರ್ಚನ್ನ ನಮ್ಮ ತಲೆಗೆ ಕಟ್ಟಿದ್ದೀರಿ." ಸ್ವಾಮಿ, ಲೆಕ್ಕ ನೋಡಿ. ಕೆಜಿಗೆ 8 ರೂಪಾಯಿ ಏರಿಸಿದ್ದೇವೆ, ಇಲ್ಲ ಅನ್ನುವುದಿಲ್ಲ. ಕಬ್ಬು ಕಡಿಯುವ ಕೂಲಿ ಏರಿದೆ. ಕೊಪ್ಪರಿಗೆ ಮುಂದೆ ಬೆಂಕಿಯ ಝಳ ತಡೆದು ನಿಲ್ಲುವ ಆಳು ದುಪ್ಪಟ್ಟು ಕೊಟ್ಟರೂ ಸಿಗುತ್ತಿಲ್ಲ. ರಟ್ಟಿನ ಡಬ್ಬ, ಕೊರಿಯರ್ ಎರಡೂ ದುಬಾರಿ. ಸೈಟಿಗೆ ಆದದ್ದೆಷ್ಟು? ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಪುಕ್ಕಟೆ. ಆಂಡ್ರಾಯ್ಡ್ ಫೋನಿನಲ್ಲಿ ಅದೇ ಕೆಲಸ ಮಾಡುವ ಟಾಕ್‌ಬ್ಯಾಕ್‌ಗೂ ಕಾಸಿಲ್ಲ. ಫೋಟೋ ವಿವರಣೆ ಆಫೀಸಿನವರೇ ಬರೆಯುತ್ತಾರೆ. ವಿಡಿಯೋ ಕೇಳಿ ಕೇಳಿ ಟೈಪ್ ಮಾಡಿದವರಿಗೆ ಕೊಟ್ಟ ಹಣವನ್ನು ವರ್ಷದ ಮಾರಾಟಕ್ಕೆ ಹಂಚಿದರೆ ಕೆಜಿಗೆ ಹತ್ತು ಪೈಸೆಯೂ ಬೀಳುವುದಿಲ್ಲ.

ಫೋಟೋನೇ ಕಾಣದವರಿಗೆ ವಿವರಣೆ ಯಾಕೆ ಅಂತಲೂ ಕೇಳಿದಿರಿ. ಮೊದಲು ಆ ಜಾಗಕ್ಕೆ ಬಂದಾಗ ಅವರ ಫೋನ್ "ಐಎಂಜಿ 2031" ಅಂತ ಫೈಲಿನ ಹೆಸರು ಒದರುತ್ತಿತ್ತು. ಈಗ "ಅಚ್ಚು ಬೆಲ್ಲ, ಕಡು ಕಂದು ಬಣ್ಣ, ಹೈಡ್ರೋಸ್ ಹಾಕಿಲ್ಲ, ಒಂದು ಕೆಜಿ" ಅನ್ನುತ್ತದೆ. ಅವರೂ ಬಣ್ಣ ವಿಚಾರಿಸಿ ಕೊಳ್ಳುವವರೇ. ಬೆಳ್ಳಗಿನ ಬೆಲ್ಲ ಅಂದರೆ, ಬಿಳುಪು ಬರಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರಬಹುದೆಂದು ಅವರಿಗೂ ಅನುಮಾನ. (ಫೋಟೋಗೆ ಲೈಟ್ ಹಾಕಿ ಹೊಳಪು ತರಬಹುದು. ಬರವಣಿಗೆಯಲ್ಲಿ ಕಂದು ಅಂದರೆ ಕಂದೇ.) ಪೋಸ್ಟರಿನ ಚಿತ್ರದೊಳಗಿದ್ದ ದರವನ್ನು ಟಾಕ್‌ಬ್ಯಾಕ್ ಸರಿಯಾಗಿ ಓದುತ್ತಿರಲಿಲ್ಲ. ನಾದಸ್ವರವಂತೂ ಓದುವ ದನಿಯನ್ನೇ ನುಂಗಿಹಾಕುತ್ತಿತ್ತು. ತಾನಾಗಿ ಶುರುವಾಗಿ 3 ಸೆಕೆಂಡ್ ದಾಟುವ ಸದ್ದಿದ್ದರೆ ಅದನ್ನು ನಿಲ್ಲಿಸುವ ಅಥವಾ ತಗ್ಗಿಸುವ ದಾರಿ ಕೊಡಬೇಕೆಂದು ವೆಬ್‌ಸೈಟ್ ಎಲ್ಲರಿಗೂ ಎಟುಕಲೆಂದು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿ ಹೇಳುತ್ತದೆ. ನಾವು ಸದ್ದನ್ನೇ ತೆಗೆದೆವು. ಬೇಜಾರಾದವರು ಇದ್ದೀರಿ, ಗೊತ್ತು.

ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೇ ಸೇರಿದ್ದೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಮೇಲೆ ಯಾರೂ ಕೇಸು ಹಾಕಿರಲಿಲ್ಲ, ನಾವಾಗಿಯೇ ಮಾಡಿದ್ದು.

ಫೋನಿನಲ್ಲೇ ಹೇಳಿ ತರಿಸುವವರು ಹಾಗೆಯೇ ತರಿಸಿ. ಯಾರ ಮನೆಗೆ ಬಕೆಟ್ ಬೆಲ್ಲ, ಯಾರ ಮನೆಗೆ ಅಚ್ಚು ಅನ್ನುವುದು ನಮಗೆ ಬಾಯಿಪಾಠ. ಹಳೆಯ ವಿಡಿಯೋಗಳಿಗೆ ಸಂಕ್ರಾಂತಿ ಆರ್ಡರ್ ಮುಗಿದ ಮೇಲೆ ಅಕ್ಷರ ಕೂಡಿಸುತ್ತೇವೆ. ಅಲ್ಲಿಯವರೆಗೆ ಕಿವಿ ಕೇಳದವರು ವಾಟ್ಸಾಪ್‌ನಲ್ಲಿ ಬರೆದು ಕೇಳಿ, ಅವತ್ತೇ ಉತ್ತರ ಬರೆಯುತ್ತೇವೆ.

ಇಂತಿ,
ಕಾರ್ಯದರ್ಶಿ
ಬೆಲ್ಲ ಉತ್ಪಾದಕರ ಸಹಕಾರ ಸಂಘ, ಮಂಡ್ಯ