ಭಾನುವಾರದ ಚರ್ಚೆ: ಒಂದೇ ಅಚ್ಚಿನ ಬದುಕು

ಸದಸ್ಯರಿಗೆ ನಮಸ್ಕಾರ. ಭಾನುವಾರ ಸಂಜೆ 4 ಗಂಟೆಗೆ ಬದಿಯಡ್ಕದ ಗ್ರಂಥಾಲಯದಲ್ಲಿ ಸೇರೋಣ.

1948ರಲ್ಲಿ ಕ್ಯಾಲಿಫೋರ್ನಿಯಾದ ಮೆಕ್‌ಡೊನಾಲ್ಡ್ ಸಹೋದರರು ತಿನಿಸುಗಳ ಪಟ್ಟಿಯನ್ನು ಒಂಬತ್ತಕ್ಕೆ ಇಳಿಸಿದರು, ಬಡಿಸುವವರನ್ನು ತೆಗೆದುಹಾಕಿದರು, ಅಡುಗೆಮನೆಯನ್ನು ಕಾರ್ಖಾನೆಯಂತೆ ನಡೆಸಿ 15 ಸೆಂಟಿಗೆ ಹ್ಯಾಂಬರ್ಗರ್ ಮಾರಿದರು. ಬೇಗ, ಅಗ್ಗವಾಗಿ, ಎಲ್ಲವೂ ಒಂದೇ ಅಚ್ಚಿನಲ್ಲಿ ಎಂಬ ಆ ಲೆಕ್ಕಾಚಾರ ಈಗ ಶಾಲೆ, ಆಸ್ಪತ್ರೆಗಳನ್ನೂ ಹೊಕ್ಕಿದೆ.

ನಮ್ಮಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನವೂ ಕಾಲಮಿತಿಗೆ ಒಳಗಾಯಿತು. ಮರುದಿನ ಕೆಲಸಕ್ಕೆ ಹೋಗುವವರಿಗೆ ಅನುಕೂಲವೇ, ಒಪ್ಪುತ್ತೇನೆ. ಆದರೆ ಕತ್ತರಿ ಮೊದಲು ಬೀಳುವುದು ಪೂರ್ವರಂಗಕ್ಕೆ, ಅಂದರೆ ಪ್ರಸಂಗದ ಕಥೆ ಶುರುವಾಗುವ ಮುಂಚಿನ ಸ್ತುತಿ, ಕುಣಿತಗಳಿಗೆ; ಆಮೇಲೆ ಅರ್ಥಗಾರಿಕೆಗೆ, ಅಂದರೆ ಪಾತ್ರಧಾರಿಗಳು ಸ್ಥಳದಲ್ಲೇ ಕಟ್ಟಿ ಆಡುವ ಮಾತಿಗೆ. ಪ್ರಸಂಗವನ್ನು ಗಡಿಯಾರ ನೋಡಿ ಮುಗಿಸಿದರೆ ಉಳಿಯುವುದೇನು? ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳು (ಪಾತ್ರಗಳ ಮಾತಾಡುವವರು) ಬಂದು ಧಾರಾಳವಾಗಿ ಜಗಳವಾಡಲಿ, ಸಮಯದ ಮಿತಿಯಿಲ್ಲ.

ಅಂದಹಾಗೆ, ಗುಂಪಿನಲ್ಲಿ ಶುಭೋದಯದ ಸಿದ್ಧ ಚಿತ್ರಗಳನ್ನು ಹಾಕಬೇಡಿ. ಅವೂ ಇದೇ ಅಚ್ಚಿನವು. ಬರುವವರು ಶುಕ್ರವಾರದೊಳಗೆ ತಿಳಿಸಿ, ಚಹಾಕ್ಕೆ ಹಾಲು ಹೇಳಬೇಕು.