ಇನ್ಶೂರೆನ್ಸ್ ಬಾಗಿಲೂ ಹಾಸನಾಂಬೆ ಬಾಗಿಲ ಥರಾನೇ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪೇಪರ್‌ನಲ್ಲಿ ಬರೋ ವಧೂ-ವರರ ಕಾಲಂನ ನಮ್ಮಮ್ಮ ಇವತ್ತಿಗೂ ಒಂದು ಸಾಲು ಬಿಡದೆ ಓದ್ತಾರೆ, ಇಬ್ಬರು ಹೆಣ್ಮಕ್ಕಳ ಮದುವೆ ಮುಗಿಸಿ ಕೈ ತೊಳ್ಕೊಂಡಿದ್ರೂ ಆ ಚಟ ಬಿಟ್ಟಿಲ್ಲ. ಮೊನ್ನೆ ಕಾಫಿ ಕುಡೀತಾ ಕೂತಿದ್ದಾಗ ಜೋರಾಗಿ ಓದಿದ್ರು, ಯುಎಸ್ಎ ಸೆಟಲ್ಡ್ ವರ, ಎಂಎಸ್ ಆಗಿದೆ, ಕೈತುಂಬಾ ಸಂಬಳ ಅಂತ. ಸೆಟಲ್ಡ್ ಅಂತ ಹಾಕಿದಾರೆ ಸರಿ, ಯಾವ ವೀಸಾ ಅಂತ ಹಾಕಿಲ್ವಲ್ಲಮ್ಮ ಅಂದೆ. ಅಮ್ಮ ಕನ್ನಡಕದ ಮೇಲಿಂದ ನನ್ನ ನೋಡಿ "ಅದನ್ನೆಲ್ಲ ಹೆಣ್ಣಿನ ಕಡೆಯೋರು ಕೇಳಕ್ಕಾಗುತ್ತೇನೆ" ಅಂದ್ರು. ಆ ಒಂದು ಮಾತಿಗೇ ಈ ಪತ್ರ ಬರೀತಿರೋದು, ವೀಸಾ, ಹೆಲ್ತ್ ಇನ್ಶೂರೆನ್ಸ್ ವಿಷಯ ಮೊದಲೇ ಕೇಳದೆ ನಾನು ಪಟ್ಟ ಪಾಡು ಹೇಳೋಕೆ.

ನಾನು ಹಾಸನದೋಳು, ಮದುವೆಯಾಗಿ ಅಮೆರಿಕಕ್ಕೆ ಹೋದೋಳು, ಈಗ ಎರಡು ತಿಂಗಳ ಮಟ್ಟಿಗೆ ತವರಿಗೆ ಬಂದಿದೀನಿ. ನನ್ನ ಮದುವೆ ಮಾತುಕತೇಲಿ ಜಾತಕ ನೋಡಿದ್ರು, ಚೌಟ್ರಿ ಯಾರ ಖರ್ಚು ಅಂತ ಆಯ್ತು, ಊಟಕ್ಕೆ ಹೋಳಿಗೆನೋ ಜಹಾಂಗೀರೋ ಅಂತ ನಮ್ಮ ದೊಡ್ಡಪ್ಪ ಒಂದು ಗಂಟೆ ಕೂತು ಚರ್ಚೆ ಮಾಡಿದ್ರು. ವೀಸಾ ವಿಷಯ ಬಂದಾಗ ಮಾತ್ರ "ಹುಡುಗ ಅಲ್ಲೇ ಇದಾನಲ್ಲ, ಎಲ್ಲ ನೋಡ್ಕೋತಾನೆ" ಅಂತ ಒಂದೇ ಮಾತಲ್ಲಿ ಮುಗೀತು. ಪಾಪ ನಮ್ಮನೆಯವ್ರಿಗೂ ಏನೂ ಗೊತ್ತಿರ್ಲಿಲ್ಲ, ಒಂಟಿಯಾಗಿ ಇದ್ದೋರು, ಹೆಂಡತಿನ ಕರ್ಕೊಂಡು ಹೋಗೋದು ಅವ್ರಿಗೂ ಮೊದಲ್ನೇ ಸಲ ತಾನೇ!

ಯಾವ ವೀಸಾ ಅನ್ನೋದು ಯಾಕೆ ಮುಖ್ಯ ಅಂದ್ರೆ, ಹುಡುಗ ಅಲ್ಲಿನ ಸಿಟಿಜನ್ ಆಗಿದ್ರೆ ಹೆಂಡತಿಗೆ ಹಾಕೋ ಅರ್ಜಿಗೆ ವರ್ಷಕ್ಕೆ ಇಷ್ಟೇ ಜನ ಅನ್ನೋ ಮಿತಿ ಇಲ್ಲ, ಆದ್ರೂ ಕಾಗದಪತ್ರ, ಮೆಡಿಕಲ್, ಇಂಟರ್‌ವ್ಯೂ ಅಂತ ತಿಂಗಳುಗಟ್ಲೆ ಹಿಡಿಯುತ್ತೆ, ಮದುವೆಯಾಗಿ ಎರಡು ವರ್ಷ ತುಂಬೋಕೆ ಮುಂಚೆ ಹೋದ್ರೆ ಮೊದಲು ಸಿಗೋದು ಎರಡೇ ವರ್ಷದ ಗ್ರೀನ್ ಕಾರ್ಡು (ಅಲ್ಲೇ ನೆಲೆಸೋಕೆ ಕೊಡೋ ಪರವಾನಗಿ), ಅದು ಮುಗಿಯೋ ಮುಂಚಿನ 90 ದಿನದೊಳಗೆ ಗಂಡ ಹೆಂಡತಿ ಇಬ್ಬರೂ ಸೇರಿ ಇನ್ನೊಂದು ಅರ್ಜಿ ಹಾಕ್ಬೇಕು. ಬರೀ ಗ್ರೀನ್ ಕಾರ್ಡ್ ಇದ್ದೋನಾದ್ರೆ ಹೆಂಡತಿ ಕ್ಯೂನಲ್ಲಿ ನಿಲ್ಬೇಕು. ಎಚ್-1ಬಿ, ಅಂದ್ರೆ ಕಂಪನಿ ಕೆಲಸಕ್ಕೆ ಕರೆಸ್ಕೊಳ್ಳೋ ವೀಸಾ ಮೇಲೆ ಇದ್ದೋನಾದ್ರೆ ಹೆಂಡತಿಗೆ ಎಚ್-4 ಅನ್ನೋ ಅವಲಂಬಿತರ ವೀಸಾ, ಇದು ಬೇಗ ಆಗೋದು, ನಮ್ಮ ಕಡೆಯೋರು ಜಾಸ್ತಿ ಹೋಗೋದೂ ಇದ್ರಲ್ಲೇ, ನಾನೂ ಅಷ್ಟೇ. ಆದ್ರೆ ಎಚ್-4ನಲ್ಲಿ ಹೋದ ತಕ್ಷಣ ಕೆಲಸ ಮಾಡೋ ಹಾಗಿಲ್ಲ. 2015ರಿಂದ ಕೆಲವರಿಗೆ ವರ್ಕ್ ಪರ್ಮಿಟ್ ಕೊಡ್ತಾರೆ, ಅದೂ ಗಂಡನ ಗ್ರೀನ್ ಕಾರ್ಡ್ ಫೈಲು ಒಂದು ಹಂತಕ್ಕೆ ಬಂದಿದ್ರೆ ಮಾತ್ರ. ಬಿಇ ಮಾಡಿ ಬೆಂಗಳೂರಲ್ಲಿ ಕೆಲಸದಲ್ಲಿದ್ದ ಹುಡುಗಿಗೆ ಇದನ್ನ ಮದುವೆಗೆ ಮುಂಚೆ ಯಾರಾದ್ರೂ ಹೇಳ್ಬೇಕೋ ಬೇಡ್ವೋ?

ಹೆಸರಿನ ಕಥೆನೂ ಹೇಳ್ಬಿಡ್ತೀನಿ. ನಮ್ಮ ಹಾಸನ ಜಿಲ್ಲೇಲಿ ಸರ್‌ನೇಮ್ ಅನ್ನೋದು ಎಷ್ಟು ಜನಕ್ಕಿದೆ ಹೇಳಿ, ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ಹೆಸರು, ಅಷ್ಟೇ. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. ಖಾಲಿ ಇದ್ರೆ ಅಮೆರಿಕದೋರು ವೀಸಾದಲ್ಲಿ ನಮ್ಮ ಹೆಸರನ್ನ ಸರ್‌ನೇಮ್ ಜಾಗಕ್ಕೆ ತಳ್ಳಿ, ಹೆಸರಿನ ಜಾಗದಲ್ಲಿ ಎಫ್ಎನ್‌ಯು ಅಂತ ಹಾಕ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅದೇ ಎಲ್ಲ ಕಡೆ ಹೋಗುತ್ತೆ. ಕ್ಲಿನಿಕ್‌ನಲ್ಲಿ ನರ್ಸ್ ಬಂದು "ಫ್ನೂ... ಫ್ನೂ..." ಅಂತ ಕರೀತಾ ಇದಾಳೆ, ನಾನು ಯಾರೋ ಚೀನಾದೋರು ಇರ್ಬೇಕು ಅಂತ ಸುಮ್ನೆ ಕೂತಿದೀನಿ, ನನ್ನ ಸರದಿ ಹೋಯ್ತು. ನಗು ಬರುತ್ತೆ, ಆದ್ರೆ ಇನ್ಶೂರೆನ್ಸ್ ಕಾರ್ಡ್‌ನಲ್ಲಿ ಒಂಥರಾ, ಡಾಕ್ಟರ್ ಚೀಟಿಲಿ ಇನ್ನೊಂಥರಾ ಹೆಸರಿದ್ದು ಮೆಡಿಕಲ್ ಶಾಪ್‌ನೋನು ಕ್ಲೇಮ್ ಆಗ್ತಿಲ್ಲ ಅಂದಾಗ ಬರಲ್ಲ. ವೀಸಾಗೆ ಅರ್ಜಿ ಹಾಕೋ ಮುಂಚೆನೇ ಪಾಸ್‌ಪೋರ್ಟ್‌ನಲ್ಲಿ ಹೆಸರು ಎರಡು ಭಾಗ ಮಾಡಿಸ್ಕೊಳ್ಳಿ, ಹಾಸನದ ಅಂಚೆ ಕಚೇರಿಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಮದುವೆ ರಿಜಿಸ್ಟರ್ ಮಾಡಿಸುವಾಗ ಸಬ್ ರಿಜಿಸ್ಟ್ರಾರ್ ಆಫೀಸಲ್ಲೂ ಅದೇ ಸ್ಪೆಲ್ಲಿಂಗ್ ಕೊಡಿ.

ಈಗ ಮುಖ್ಯ ವಿಷಯ. ನಾನು ಜೂನ್‌ನಲ್ಲಿ ಹೋದೆ, ಇಲ್ಲಿಂದ 30 ದಿನದ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸ್ಕೊಂಡು ಹೋಗಿದ್ದೆ, ಅಷ್ಟರಲ್ಲಿ ನಮ್ಮನೆಯವ್ರ ಕಂಪನಿ ಕೊಡೋ ಹೆಲ್ತ್ ಇನ್ಶೂರೆನ್ಸ್‌ಗೆ ನನ್ನನ್ನೂ ಸೇರಿಸ್ತಾರೆ ಅಂತ. ಮದುವೆ ಆದ್ರೆ ಹೆಂಡತಿನ ವರ್ಷದ ಮಧ್ಯದಲ್ಲೇ ಸೇರಿಸೋಕೆ ಕನಿಷ್ಠ 30 ದಿನ ಅವಕಾಶ ಕೊಡ್ಬೇಕು ಅಂತ ಅಲ್ಲಿ ಕಾನೂನಿದೆ, ನಮ್ಮನೆಯವ್ರ ಕಂಪನೀಲಿ ಹೆಂಡತಿ ಬಂದಿಳಿದ ದಿನದಿಂದ 30 ದಿನ ಲೆಕ್ಕ. ವೆಬ್‌ಸೈಟ್ ತೆಗೆದು ನೋಡಿದ್ರೆ ಹೆಂಡತಿಯ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳ್ತಿತ್ತು, ಪಕ್ಕದಲ್ಲಿ ತುಂಬಲೇಬೇಕು ಅನ್ನೋ ಕೆಂಪು ಚುಕ್ಕಿ ಬೇರೆ. ಆಧಾರ್ ಇದ್ದ ಹಾಗೆ ಎಲ್ರಿಗೂ ಕೊಡ್ತಾರೇನೋ ಅಂದ್ಕೊಂಡು ನಾವು ಆ ನಂಬರ್ ಕೊಡೋ ಆಫೀಸಿಗೆ ಹೋದ್ವಿ, ಒಂದು ಸಲ ಅಲ್ಲ ಎರಡು ಸಲ. ಕೌಂಟರಲ್ಲಿದ್ದ ಹೆಂಗಸು ತಣ್ಣಗೆ ಹೇಳಿದ್ರು, ಎಚ್-4ನೋರಿಗೆ ವರ್ಕ್ ಪರ್ಮಿಟ್ ಇಲ್ದೆ ಈ ನಂಬರ್ ಕೊಡಲ್ಲ ಅಂತ. ವಾಪಸ್ ಬಂದು ಎಚ್‌ಆರ್‌ಗೆ ಮೇಲ್ ಹಾಕಿ ಅವ್ರು ಉತ್ತರ ಕೊಡೋ ಹೊತ್ತಿಗೆ ನಾನು ಬಂದು 41 ದಿನ. ಉತ್ತರ ಏನು ಗೊತ್ತಾ, ಆ ನಂಬರ್ ಇಲ್ದೇನೂ ಸೇರಿಸ್ಬೋದಿತ್ತು, ಒಂದು ಫೋನ್ ಮಾಡಿದ್ರೆ ಸಾಕಿತ್ತು, ಈಗ ಟೈಮ್ ಮುಗೀತು, ಇನ್ನು ಓಪನ್ ಎನ್‌ರೋಲ್‌ಮೆಂಟ್‌ಗೆ ಬನ್ನಿ.

ಇನ್ಶೂರೆನ್ಸ್ ಸೇರೋಕೆ ವರ್ಷಕ್ಕೊಂದೇ ಸಲ ಸಿಗೋ ಈ ಓಪನ್ ಎನ್‌ರೋಲ್‌ಮೆಂಟ್ ಏನು ಅಂತ ಅಮ್ಮನಿಗೆ ಫೋನಲ್ಲಿ ಹೇಳೋಕೆ ನಂಗೆ ಸಿಕ್ಕಿದ್ದು ನಮ್ಮ ಹಾಸನಾಂಬೆನೇ. ವರ್ಷಕ್ಕೊಂದು ಸಲ ಆಶ್ವಯುಜದಲ್ಲಿ ಬಾಗಿಲು ತೆಗೀತಾರೆ, ಬಲಿಪಾಡ್ಯಮಿ ಆದ್ಮೇಲೆ ಹಾಕ್ತಾರೆ, ಆಗ ನೋಡ್ಲಿಲ್ಲ ಅಂದ್ರೆ ಮುಂದಿನ ವರ್ಷವೇ, ಒಳಗೆ ಹಚ್ಚಿಟ್ಟ ದೀಪ ಅಲ್ಲೀವರೆಗೂ ಉರೀತಾನೇ ಇರುತ್ತೆ ಅಂತ ನಂಬಿಕೆ. ಇದೂ ಹೆಚ್ಚುಕಮ್ಮಿ ಅದೇ ತಿಂಗಳಲ್ಲೇ ಬರುತ್ತೆ ನೋಡಿ, ಬಹಳಷ್ಟು ಕಂಪನಿಗಳಲ್ಲಿ ಅಕ್ಟೋಬರ್-ನವೆಂಬರ್, ಕೆಲವೇ ವಾರ, ಕಾರ್ಡು ಶುರುವಾಗೋದು ಜನವರಿ 1ಕ್ಕೆ. ಅಮ್ಮಂಗೆ ತಕ್ಷಣ ಅರ್ಥ ಆಯ್ತು. "ಅಲ್ಲೀವರೆಗೂ ದೀಪ ಉರೀತಾ ಇರ್ಬೇಕಲ್ಲೇ" ಅಂದ್ರು.

ಉರೀಲಿಲ್ಲ. ಇಲ್ಲಿಂದ ಮಾಡಿಸ್ಕೊಂಡು ಹೋಗಿದ್ದ 30 ದಿನದ ಪಾಲಿಸಿನೂ ಮುಗಿದಿತ್ತು. ಜುಲೈ ಕೊನೇಲಿ ಬೆಳಗಿನ ಜಾವ ಮೂರು ಗಂಟೆಗೆ ಸೊಂಟದ ಪಕ್ಕದಿಂದ ಶುರುವಾದ ನೋವು, ನೆಲದ ಮೇಲೆ ಹೊರಳಾಡಿಬಿಟ್ಟೆ. ಎಮರ್ಜೆನ್ಸಿಗೆ ಹೋದ್ವಿ. ಒಂದು ಮಾತು ಹೇಳ್ಬೇಕು, ದುಡ್ಡು ಇನ್ಶೂರೆನ್ಸ್ ಏನೂ ಕೇಳದೆ ಮೊದಲು ನೋಡಿದ್ರು, 1986ರಿಂದ ಅಲ್ಲಿ ಹಾಗೆ ಕಾನೂನೇ ಇದೆಯಂತೆ, ಎಮರ್ಜೆನ್ಸಿಗೆ ಬಂದೋರನ್ನ ವಾಪಸ್ ಕಳಿಸೋ ಹಾಗಿಲ್ಲ. ಆದ್ರೆ ಬಿಲ್ ಕಳಿಸೋ ಹಾಗಿಲ್ಲ ಅಂತ ಕಾನೂನಿಲ್ಲ. ಸಿಟಿ ಸ್ಕ್ಯಾನ್ ಮಾಡಿ ಕಿಡ್ನಿ ಸ್ಟೋನ್ ಅಂದು, ಡ್ರಿಪ್ ಹಾಕಿ, ಬೆಳಗ್ಗೆ ಕಳಿಸಿದ್ರು. ಮೂರು ವಾರ ಆದ್ಮೇಲೆ ಲಕೋಟೆಗಳು ಬರೋಕೆ ಶುರು, ಆಸ್ಪತ್ರೆದು ಒಂದು, ಡಾಕ್ಟರ್‌ದು ಬೇರೆ, ಸ್ಕ್ಯಾನ್ ನೋಡಿದೋರದ್ದು ಬೇರೆ, ಎಲ್ಲ ಕೂಡಿ 6,400 ಡಾಲರ್, ಅಂದ್ರೆ ಐದು ಲಕ್ಷದ ಮೇಲೆ. ನಮ್ಮತ್ತೆ "ಒಂದು ಕಲ್ಲಿಗೆ ಐದು ಲಕ್ಷನಾ, ಬಾಳೆದಿಂಡಿನ ಪಲ್ಯ ಮಾಡ್ಕೊಂಡು ತಿನ್ನೋದಲ್ವೇನಮ್ಮ" ಅಂದ್ರು. ಅಲ್ಲಿ ಬಾಳೆದಿಂಡು ಎಲ್ಲಿ ಹುಡುಕ್ಲಿ.

ಆಮೇಲೆ ಪಕ್ಕದ ಅಪಾರ್ಟ್‌ಮೆಂಟಿನ ತೆಲುಗಿನೋರು ಒಬ್ರು ದಾರಿ ಹೇಳಿಕೊಟ್ರು. ಬಿಲ್ ಬಂದ ತಕ್ಷಣ ಕಟ್ಬೇಡಿ, ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಕೊಡಿ ಅಂತ ಕೇಳಿ, ಇನ್ಶೂರೆನ್ಸ್ ಇಲ್ಲದೋರಿಗೆ ಡಿಸ್ಕೌಂಟ್ ಇದ್ಯಾ ಕೇಳಿ ಅಂತ. ಲಾಭಕ್ಕೆ ನಡೆಸದ ಆಸ್ಪತ್ರೆಗಳು ಕಷ್ಟದಲ್ಲಿರೋರಿಗೆ ಸಹಾಯ ಮಾಡೋ ನಿಯಮಾವಳಿ ಇಟ್ಕೊಂಡಿರ್ಲೇಬೇಕು ಅಂತಲೂ ಇದೆ. ನಮಗೆ ಸಂಬಳ ಇದ್ದಿದ್ರಿಂದ ಆ ಸಹಾಯ ಸಿಗ್ಲಿಲ್ಲ, ಆದ್ರೆ ಡಿಸ್ಕೌಂಟು ಕಂತು ಎರಡೂ ಸಿಕ್ತು. ಅವ್ರೇ ಇನ್ನೊಂದು ಹೇಳಿದ್ರು, ಅದು ಕೇಳಿ ನಂಗೆ ಹೊಟ್ಟೆ ಉರೀತು. ಹೊಸದಾಗಿ ದೇಶಕ್ಕೆ ಬಂದೋರು ಇನ್ಶೂರೆನ್ಸ್ ಕೊಳ್ಳೋಕೆ ಇರೋ ಸರ್ಕಾರದ ಮಾರ್ಕೆಟ್‌ಪ್ಲೇಸ್‌ನಲ್ಲಿ 60 ದಿನದೊಳಗೆ ಸ್ವಂತಕ್ಕೆ ಪಾಲಿಸಿ ತಗೋಬೋದಿತ್ತಂತೆ, ಎಚ್-4ನೋರೂ ತಗೋಬೋದು. ನಮಗೆ ಗೊತ್ತಾದಾಗ ಸೆಪ್ಟೆಂಬರ್, ಆ ಬಾಗಿಲೂ ಹಾಕಿತ್ತು.

ನಮ್ಮ ಹಿರೀಕರು ಇನ್ನೊಂದು ಬುದ್ಧಿ ಹೇಳ್ತಾರೆ, ಥೈರಾಯ್ಡ್ ಇದೆ ಅಂತ ಅಲ್ಲಿ ಹೇಳ್ಬೇಡ, ಇನ್ಶೂರೆನ್ಸ್ ಕೊಡಲ್ಲ ಅಂತ. 2014ರಿಂದ ಕಂಪನಿ ಇನ್ಶೂರೆನ್ಸ್ ಆಗ್ಲಿ ಮಾರ್ಕೆಟ್‌ಪ್ಲೇಸ್ ಪಾಲಿಸಿ ಆಗ್ಲಿ, ಹಳೇ ಕಾಯಿಲೆ ಇದೆ ಅಂತ ಬೇಡ ಅನ್ನೋ ಹಾಗಿಲ್ಲ. ಕೈ ಕೊಡೋದು ಇಲ್ಲಿಂದ ಮಾಡಿಸ್ಕೊಂಡು ಹೋಗೋ ಟ್ರಾವೆಲ್ ಪಾಲಿಸಿಗಳು, ಹಳೇ ಕಾಯಿಲೆ ಅಂದ್ರೆ ಬಹುತೇಕ ಕೈ ಎತ್ತುತ್ವೆ. ಹಾಗಾಗಿ ಮುಚ್ಚಿಡ್ಬೇಡಿ, ಹಳೇ ರಿಪೋರ್ಟು, ಡಾಕ್ಟರ್ ಚೀಟಿ ಇಂಗ್ಲಿಷಲ್ಲಿ ಬರೆಸಿ ತಗೊಂಡು ಹೋಗಿ, ಹಳೇ ಸ್ಟ್ರಿಪ್ ತೋರಿಸಿದ್ರೆ ಮಾತ್ರೆ ಕೊಡೋಕೆ ಅದು ನಮ್ಮ ಹಾಸನದ ಮೆಡಿಕಲ್ ಶಾಪ್ ಅಲ್ಲ. ಕಾರ್ಡ್ ಬಂದ್ಮೇಲೂ ಎಲ್ಲ ಫ್ರೀ ಅಂದ್ಕೋಬೇಡಿ, ಡಿಡಕ್ಟಿಬಲ್ ಅಂತ ಒಂದು ಮೊತ್ತ ಇರುತ್ತೆ, ಅಲ್ಲೀವರೆಗೆ ಬಹುಪಾಲು ನಮ್ಮ ಕೈಯಿಂದಲೇ.

ಇನ್ನು ಗಂಡನ ಕೆಲಸ ಹೋದ್ರೆ? ಎಚ್-1ಬಿನೋರಿಗೆ ಬೇರೆ ಕೆಲಸ ಹುಡುಕೋಕೋ ದೇಶ ಬಿಡೋಕೋ ಹೆಚ್ಚಂದ್ರೆ 60 ದಿನ ಟೈಮು, ಹೆಂಡತಿ ವೀಸಾನೂ ಅದಕ್ಕೇ ಕಟ್ಟಿಹಾಕಿರುತ್ತೆ. ಅದೇ ಇನ್ಶೂರೆನ್ಸ್ ಮುಂದುವರಿಸೋಕೆ ಕೋಬ್ರಾ ಅಂತ ಒಂದಿದೆ, ಹೆಸರಿಗೆ ತಕ್ಕ ಹಾಗೆ ಕಚ್ಚುತ್ತೆ, ಕಂಪನಿ ಕಟ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಪ್ರೀಮಿಯಂನ ನೂರಕ್ಕೆ 102ರವರೆಗೆ ನಾವೇ ಕಟ್ಬೇಕು.

ಸಂಪಾದಕರೇ, ನನ್ನದೊಂದೇ ಕೋರಿಕೆ. ವಿದೇಶಿ ವರ ಅಂತ ಜಾಹೀರಾತು ತಗೊಳ್ಳುವಾಗ ಎತ್ತರ, ಸಂಬಳದ ಜೊತೆ ಯಾವ ವೀಸಾ ಅನ್ನೋದಕ್ಕೂ ಒಂದು ಕಾಲಂ ಇಡಿ. ಹೆಣ್ಣಿನ ಕಡೆಯೋರೂ ಸಂಕೋಚ ಬಿಟ್ಟು ಕೇಳಿ, ನಿಮ್ಮ ಕಂಪನೀಲಿ ಹೆಂಡತಿನ ಸೇರಿಸೋಕೆ ಎಷ್ಟು ದಿನ ಟೈಮು, ಮದುವೆ ದಿನದಿಂದನೋ ಬಂದಿಳಿದ ದಿನದಿಂದನೋ, ಕಾರ್ಡು ಯಾವತ್ತಿಂದ ಶುರು. ಹೋದ ವಾರ ನಮ್ಮ ಎದುರು ಮನೆಗೆ ಗಂಡಿನ ಕಡೆಯೋರು ಬಂದಿದ್ರು, ಹುಡುಗ ಟೆಕ್ಸಾಸ್‌ನಲ್ಲಿರೋನು, ವಿಡಿಯೋ ಕಾಲ್‌ನಲ್ಲಿದ್ದ. ನಾನು ಕಾಫಿ ಲೋಟ ಇಡೋ ನೆಪದಲ್ಲಿ ಹೋಗಿ ಇದನ್ನೇ ಕೇಳಿಬಿಟ್ಟೆ, ಎಲ್ರೂ ನನ್ನ ಮುಖ ನೋಡಿದ್ರು. ಹುಡುಗ ಒಳ್ಳೆಯವನು, ತಲೆ ಕೆರ್ಕೊಂಡು "ಎಚ್‌ಆರ್‌ನ ಕೇಳಿ ಹೇಳ್ತೀನಿ ಅಕ್ಕ" ಅಂದ. ಇನ್ನೂ ಹೇಳಿಲ್ಲ. ಚೌಟ್ರಿಗೆ ಅಡ್ವಾನ್ಸ್ ಮಾತ್ರ ಕೊಟ್ಟಾಯ್ತಂತೆ.

ಇತಿ,
ನಿಮ್ಮ ಓದುಗಳು
ಹಾಸನ