‘1-0-1’ ಸಾಲದು, ಗಂಟೆ ಬರೆಯಿರಿ

ಮಾನ್ಯ ಸಂಪಾದಕರೇ,

ಮಾತ್ರೆ ಕವರಿನ ಮೇಲೆ ‘1-0-1’, ‘1-1-1’ ಎಂದು ಗೀಚಿ ಕೊಡುವುದು ಮಂಡ್ಯದ ಔಷಧ ಅಂಗಡಿಗಳಲ್ಲಿ ಇವತ್ತಿಗೂ ರೂಢಿ. ಕವರ್ ಇಲ್ಲದಿದ್ದರೆ ಶೀಟಿನ ಅಂಚಿಗೇ ಕತ್ತರಿಯಿಂದ ಕಚ್ಚು ಹಾಕುವುದೂ ಉಂಟು. ಇದರಿಂದ ಎಷ್ಟು ಮಾತ್ರೆ ಎಂದು ಗೊತ್ತಾಗುತ್ತದೆಯೇ ಹೊರತು ಎಷ್ಟು ಹೊತ್ತಿಗೆ, ಯಾವುದರ ಜೊತೆ, ಯಾವುದನ್ನು ದೂರವಿಟ್ಟು ಎಂಬುದು ಗೊತ್ತಾಗುವುದಿಲ್ಲ. ಕೇಳಿದರೆ ಎಲ್ಲದಕ್ಕೂ ‘ಊಟ ಆದ್ಮೇಲೆ ತಗೊಳ್ಳಿ’ ಎಂಬ ಒಂದೇ ಉತ್ತರ. ನೋವಿನ ಮಾತ್ರೆಗೆ, ಶುಗರ್‌ನ ಮೆಟ್‌ಫಾರ್ಮಿನ್‌ಗೆ ಅದು ಸರಿ. ಥೈರಾಯ್ಡ್ ಮಾತ್ರೆಗೆ, ಗ್ಯಾಸ್‌ಗೆಂದು ಕೊಡುವ ಪ್ಯಾಂಟೊಪ್ರಜೋಲ್‌ಗೆ ತಪ್ಪು.

ನುಂಗಿದ ಔಷಧದ ಬಹುಪಾಲು ರಕ್ತಕ್ಕೆ ಸೇರುವುದು ಸಣ್ಣಕರುಳಿನಲ್ಲಿ. ಆ ಹೊತ್ತಿಗೆ ಅಲ್ಲಿ ಇನ್ನೇನಿದೆ ಎಂಬುದು ಮುಖ್ಯ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದರ ಜೊತೆಗೆ 500 ಮಿ.ಗ್ರಾಂ ಕ್ಯಾಲ್ಸಿಯಂ ಮಾತ್ರೆ, ದಿನಕ್ಕೆರಡು. ಮರೆತೀತೆಂದು ಎರಡನ್ನೂ ಒಟ್ಟಿಗೆ ನುಂಗಿಬಿಡುತ್ತಾರೆ. ಕ್ಯಾಲ್ಸಿಯಂ ಇದ್ದಾಗ ಕರುಳು ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಾಫಿ, ಟೀಯಲ್ಲಿರುವ ಟ್ಯಾನಿನ್ ಮಾಡುವುದೂ ಇದನ್ನೇ. ನಮ್ಮ ರಾಗಿ ಮುದ್ದೆಯಲ್ಲಂತೂ ಕ್ಯಾಲ್ಸಿಯಂ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಎರಡೂ ಇವೆ. ಹಾಗೆಂದು ಮುದ್ದೆ ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ಬೆಳಗಿನ ತಿಂಡಿ ಮತ್ತು ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ. ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ, ಸಾಧ್ಯವಾದರೆ ನಿಂಬೆ ಪಾನಕದೊಂದಿಗೆ, ಕಬ್ಬಿಣ. ಸಂಜೆ ನಾಲ್ಕರ ಕಾಫಿ ಐದಕ್ಕೆ ಹೋಗಲಿ. ಮಲ ಕಪ್ಪಗಾಗುತ್ತದೆ ಎಂದೂ ಮೊದಲೇ ಹೇಳಬೇಕು. ಹೇಳದಿದ್ದರೆ ಹೆದರಿ ಮಾತ್ರೆ ನಿಲ್ಲಿಸುವವರಿದ್ದಾರೆ.

ಥೈರಾಯ್ಡ್‌ನ ಲಿವೊಥೈರಾಕ್ಸಿನ್ ಇನ್ನೂ ನಾಜೂಕು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿಯನ್ನೂ ಮುಟ್ಟಬಾರದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಇದು ತಪ್ಪಿದರೆ ಟಿಎಸ್‌ಎಚ್ (ಥೈರಾಯ್ಡ್ ಕೆಲಸ ಕಡಿಮೆಯಾದಾಗ ರಕ್ತದಲ್ಲಿ ಏರುವ ಹಾರ್ಮೋನ್) ಇಳಿಯುವುದಿಲ್ಲ, ಡಾಕ್ಟರು 50ರ ಮಾತ್ರೆಯನ್ನು 75 ಮಾಡುತ್ತಾರೆ. ಕೆಟ್ಟಿದ್ದು ಡೋಸ್ ಅಲ್ಲ, ಕಾಫಿ ಲೋಟ.

ಕರುಳಿನಿಂದ ಹೊರಟ ರಕ್ತ ಮೈಗೆಲ್ಲ ಹರಡುವ ಮೊದಲು ಲಿವರ್ ಎಂಬ ಸುಂಕದ ಕಟ್ಟೆ ದಾಟಬೇಕು. ಕೆಲವು ಔಷಧಗಳ ದೊಡ್ಡ ಪಾಲು ಅಲ್ಲೇ ಮುಗಿದುಹೋಗುತ್ತದೆ. ಎದೆನೋವಿಗೆ ಐಸೊಸಾರ್ಬೈಡ್ ಡೈನೈಟ್ರೇಟ್ ಮಾತ್ರೆಯನ್ನು ನಾಲಗೆ ಕೆಳಗೆ ಇಡಿ ಎನ್ನುವುದು ಅದಕ್ಕೇ. ಅಲ್ಲಿಂದ ನೇರವಾಗಿ ರಕ್ತಕ್ಕೆ ಸೇರಿ ಕೆಲವೇ ನಿಮಿಷದಲ್ಲಿ ಕೆಲಸ ಶುರುಮಾಡುತ್ತದೆ. ಕೂತೇ ಇಟ್ಟುಕೊಳ್ಳಬೇಕು, ಬಿಪಿ ಇಳಿದು ತಲೆ ಸುತ್ತುತ್ತದೆ. ಲಿವರಿನ ಈ ಕೆಲಸವನ್ನು ಒಂದು ಔಷಧ ಇನ್ನೊಂದಕ್ಕಾಗಿ ಏರಿಳಿಸುವುದೂ ಇದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಮಾತ್ರೆಯ ಔಷಧ ಲಿವರಿನಲ್ಲಿ ಬೇಗ ಮುಗಿದು ಕೈಕೊಡಬಹುದು. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಅದನ್ನು ತಡೆಯುವುದರಿಂದ ಕೊಲೆಸ್ಟ್ರಾಲ್‌ನ ಅಟೊರ್ವಾಸ್ಟಾಟಿನ್ ಮೈಯಲ್ಲಿ ಹೆಚ್ಚಾಗಿ ಸ್ನಾಯುಗಳಿಗೆ ತೊಂದರೆಯಾಗಬಹುದು.

‘ಮೂರು ಹೊತ್ತು’ ಎಂಬ ಮಾತಿನಿಂದಾಗುವ ಎಡವಟ್ಟು ಇವೆಲ್ಲಕ್ಕಿಂತ ಸಾಮಾನ್ಯ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲಕ್ಕೆ ಅರ್ಧಾಯು ಎನ್ನುತ್ತಾರೆ. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಅದು ಸುಮಾರು ಒಂದು ಗಂಟೆ ಮಾತ್ರ. ಒಂಬತ್ತಕ್ಕೆ ತಿಂಡಿ, ಎರಡಕ್ಕೆ ಊಟ, ರಾತ್ರಿ ಎಂಟಕ್ಕೆ ಊಟ ಎಂದು ನುಂಗಿದರೆ ರಾತ್ರಿಯಿಡೀ ಹದಿಮೂರು ಗಂಟೆ ಮುಂದಿನ ಡೋಸ್ ಇಲ್ಲ, ಉಳಿದ ಬ್ಯಾಕ್ಟೀರಿಯಾ ಮತ್ತೆ ಚಿಗುರುತ್ತದೆ. ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಬರೆಯಲು ಎಷ್ಟು ಶಾಯಿ ಬೇಕು? ಬಿಪಿಯ ಆಮ್ಲೊಡಿಪಿನ್‌ನ ಕಥೆ ತದ್ವಿರುದ್ಧ. ಅದರ ಅರ್ಧಾಯು 30ರಿಂದ 50 ಗಂಟೆ. ಸಾಮಾನ್ಯವಾಗಿ ಯಾವ ಔಷಧವೇ ಆಗಲಿ, ದಿನವೂ ತೆಗೆದುಕೊಂಡಾಗ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ನಾಲ್ಕೈದು ಅರ್ಧಾಯು ಬೇಕು. ಎಂದರೆ ಆಮ್ಲೊಡಿಪಿನ್‌ಗೆ ವಾರವೇ ಬೇಕು. ಎರಡು ದಿನ ನುಂಗಿ ‘ಬಿಪಿ ಇಳೀಲಿಲ್ಲ’ ಎಂದು ಮಾತ್ರೆ ಬದಲಿಸುವುದರಲ್ಲಿ ಅರ್ಥವಿಲ್ಲ. ಒಂದು ದಿನ ಮರೆತರೆ ಮಾರನೆಯ ದಿನ ಎರಡು ನುಂಗುವುದರಲ್ಲೂ ಇಲ್ಲ.

ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ಶುಗರ್‌ನವರು ಬಹಳ. ಐದೂವರೆಗೆ ಮನೆಯಲ್ಲಿ ಗ್ಲಿಮೆಪಿರೈಡ್ ನುಂಗಿ ಒಂಬತ್ತೂವರೆಗೆ ತಿಂಡಿ ತಿಂದರೆ, ಔಷಧದ ಕೆಲಸ ಜೋರಾಗಿರುವ ಹೊತ್ತಿಗೆ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಶುಗರ್ ಕುಸಿದು ಬೆವರು, ನಡುಕ, ಕಣ್ಣು ಮಂಜು. ಅವರ ಕವರಿನ ಮೇಲೆ ‘ಬೆಳಗ್ಗೆ’ ಎಂದಲ್ಲ, ‘ತಿಂಡಿ ಕೈಯಲ್ಲಿದ್ದಾಗ ಮಾತ್ರ’ ಎಂದು ಬರೆಯಬೇಕು.

ಪ್ಯಾರಾಸಿಟಮಾಲ್ ಬಗ್ಗೆ ಎಲ್ಲರಿಗೂ ಸಲುಗೆ. ಆರೋಗ್ಯವಂತ ದೊಡ್ಡವರಿಗೆ ದಿನದ ಮಿತಿ 4 ಗ್ರಾಂ. 650ರ ಮಾತ್ರೆ ಆರಾದರೆ 3900 ಮಿ.ಗ್ರಾಂ, ಅಲ್ಲಿಗೆ ಮಿತಿ ಮುಗಿಯಿತು. ಹಲವು ನೆಗಡಿ ಮಾತ್ರೆಗಳಲ್ಲೂ ಅದೇ ಇರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಚ್ಚಾದದ್ದು ಲಿವರಿನಲ್ಲಿ ವಿಷವಾಗುತ್ತದೆ. ಕುಡಿಯುವವರಿಗೆ ಇನ್ನೂ ಬೇಗ. ಮಕ್ಕಳ ವಿಷಯದಲ್ಲಿ ಬಾಟಲಿಯೇ ಮೋಸ ಮಾಡುತ್ತದೆ. ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ, ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 250. ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ 10 ಕೆ.ಜಿ. ಮಗುವಿಗೆ ಬೇಕಾದ 150 ಮಿ.ಗ್ರಾಂ ಎಂದರೆ ಡ್ರಾಪ್ಸ್ ಒಂದೂವರೆ ಮಿ.ಲೀ., 250ರ ಸಿರಪ್ ಮೂರು ಮಿ.ಲೀ., 120ರ ಸಿರಪ್ ಸುಮಾರು ಆರು ಮಿ.ಲೀ. ‘ಆರು ಮಿ.ಲೀ.’ ಎಂದಷ್ಟೇ ನೆನಪಿಟ್ಟು ಡ್ರಾಪ್ಸ್ ಕುಡಿಸಿದರೆ 600 ಮಿ.ಗ್ರಾಂ ಹೋಗುತ್ತದೆ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಅಳತೆಯೇ ಇರಲಿ.

ಇನ್ಸುಲಿನ್‌ನಲ್ಲೂ ಇಂಥದೇ ಅಪಾಯ. ಮಿ.ಲೀ.ಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ಗೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ.

ಎಸ್‌ಆರ್, ಎಕ್ಸ್‌ಎಲ್ ಎಂದಿರುವ ಮಾತ್ರೆಗಳನ್ನು ಪುಡಿ ಮಾಡಿದರೆ ದಿನವಿಡೀ ಬಿಡಬೇಕಾದ ಔಷಧ ಒಮ್ಮೆಗೇ ಬಿಡುಗಡೆಯಾಗುತ್ತದೆ. ಮೆಟ್‌ಫಾರ್ಮಿನ್ ಎಸ್‌ಆರ್‌ನ ಖಾಲಿ ಸಿಪ್ಪೆ ಮಲದಲ್ಲಿ ಕಂಡರೆ ಮಾತ್ರೆ ಕರಗಿಲ್ಲ ಎಂದಲ್ಲ. ಔಷಧ ಒಳಗೇ ಇಳಿದಿರುತ್ತದೆ. ಕೊನೆಗೆ ಬಹಳಷ್ಟು ಔಷಧ ಹೊರಹೋಗುವುದು ಕಿಡ್ನಿಯಿಂದ. ವಯಸ್ಸಾದಂತೆ ಅದರ ಶಕ್ತಿ ತಗ್ಗುತ್ತದೆ. ಬಿಪಿ ಮಾತ್ರೆಯ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವ ಹಿರಿಯರಿಗೆ ಮಂಡಿನೋವಿಗೆಂದು ಡೈಕ್ಲೊಫೆನಾಕ್ ಶೀಟನ್ನು ಚೀಟಿಯಿಲ್ಲದೆ ಕೊಡಲೇಬಾರದು, ಮೂರೂ ಸೇರಿದರೆ ಕಿಡ್ನಿಗೇ ಪೆಟ್ಟು.

ಔಷಧ ಕೊಡುವಾಗ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯೇ ಹೇಳುತ್ತದೆ. ಕೌಂಟರಿನಲ್ಲಿ ಜನ ಮುಗಿಬಿದ್ದಾಗ ಎಲ್ಲರಿಗೂ ಹೇಳಲಾಗದು, ಒಪ್ಪೋಣ. ಅದಕ್ಕೇ ಕನ್ನಡದ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ಎನ್ನುತ್ತಿರುವುದು: ಔಷಧದ ಹೆಸರು, ಎಷ್ಟು ಮಿ.ಗ್ರಾಂ, ಎಷ್ಟು ಗಂಟೆಗೆ, ಬರಿಹೊಟ್ಟೆಯೋ ಊಟದ ಜೊತೆಯೋ, ಯಾವುದರಿಂದ ದೂರ. ಐದು ಗೆರೆ ಸಾಕು. ಶೀಟು ಕತ್ತರಿಸುವಾಗ ಬ್ಯಾಚ್ ಸಂಖ್ಯೆ, ಅವಧಿ ಮುದ್ರಿಸಿರುವ ತುದಿಯನ್ನು ಕೊನೆಗೆ ಉಳಿಸಿ. ಓದುಗರು ಕೂಡ ಹೊಸ ಚೀಟಿ ತರುವಾಗ ಮನೆಯಲ್ಲಿ ನುಂಗುತ್ತಿರುವ ಹಳೆಯ ಶೀಟುಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಬಂದು ಕೌಂಟರಿನ ಮೇಲೆ ಸುರಿಯಲಿ.

— ಕೆಲವು ಫಾರ್ಮಸಿಸ್ಟರು, ಮಂಡ್ಯ